ಕಾಯಿಗೇ ನಿವಾಳಿ

ನಮ್ಮ ತಿಪಟೂರು ಸೀಮೆಯಲ್ಲಿ ಯಾವ ಖರ್ಚನ್ನೂ ಬರಿ ರೂಪಾಯಿಯಲ್ಲಿ ಅಳೆಯುವುದಿಲ್ಲ. ಎಷ್ಟು ಕೊಬ್ಬರಿ ಹೋಯ್ತು ಅಂತಲೇ ಲೆಕ್ಕ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇತ್ತಲ್ಲ, ಆ ವರ್ಷವೇ ನನಗೆ ಸಿಎನ್‌ಸಿ ಮೆಷಿನ್ನಿನ ಹುಚ್ಚು ಹತ್ತಿತು. ಕಂಪ್ಯೂಟರ್ ಹೇಳಿದ ಕಡೆಗೆ ತಾನೇ ಓಡಿ ಕೊರೆಯುವ ಯಂತ್ರ. ಸಾಮಾನಿನ ಪಟ್ಟಿ ನೋಡಿದ ಹೆಂಡತಿ, "ಎಷ್ಟು ಕ್ವಿಂಟಾಲ್ ರೀ ಇದು?" ಎಂದಳು. "ಕಾಯಿ ಮೇಲೆ ಗಣಪತಿ ಕೆತ್ತಿ ಮಾರ್ತೀನಿ, ನೋಡ್ತಿರು" ಎಂದೆ. ಜಕಣಾಚಾರಿಯ ಹುಟ್ಟೂರೆಂದು ಐತಿಹ್ಯ ಹೇಳುವ ಕೈದಾಳ ಇರುವುದು ನಮ್ಮ ತುಮಕೂರು ಜಿಲ್ಲೆಯಲ್ಲೇ. ಆ ಗಾಳಿ ಇಷ್ಟಾದರೂ ಸೋಕಿರಬೇಡವೆ?

ಹವ್ಯಾಸಿಗಳು ಸಾಮಾನ್ಯವಾಗಿ ಕೊಳ್ಳುವುದು 3018 ಅನ್ನುವ ಪುಟ್ಟ ಯಂತ್ರ. 300 ಮಿ.ಮೀ. ಒಂದು ಕಡೆ, 180 ಇನ್ನೊಂದು ಕಡೆ ಕೊರೆಯುತ್ತದೆ. ಮೇಲೆ ಕೆಳಗೆ ಆಡುವುದು ಮಾತ್ರ ಸುಮಾರು 45. ಸುಲಿದ ಕಾಯಿ ಅದರ ಕೆಳಗೆ ತೂರುವುದೇ ಇಲ್ಲ! "ಹೊಸಬರಿಗೆ ಇದೇ ಸಾಕು" ಎಂದು ವಿಡಿಯೋದಲ್ಲಿ ಉಪದೇಶ ಕೊಡುವ ಪಂಡಿತರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರ ಪ್ರಪಂಚದಲ್ಲಿ ಇರುವುದೆಲ್ಲ ಚಪ್ಪಟೆ ಹಲಗೆ. 1952ರಲ್ಲಿ ಅಮೆರಿಕದ ಎಂಐಟಿಯವರು ಇಂಥ ಯಂತ್ರವನ್ನು ಮೊದಲು ಓಡಿಸಿ ತೋರಿಸಿದಾಗ ಅವರ ಕಣ್ಣೆಲ್ಲ ವಿಮಾನದ ಬಿಡಿಭಾಗಗಳ ಮೇಲಿತ್ತು. ತೆಂಗಿನಕಾಯಿಯ ಕಷ್ಟ ಅವರಿಗೇನು ಗೊತ್ತು.

ಸರಿ, ನಾನೇ ಕಟ್ಟಿದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸ್ಟೆಪ್ಪರ್ ಮೋಟಾರು, ಆರ್ಡುಯಿನೋ ಬೋರ್ಡು, ಲೀಡ್ ಸ್ಕ್ರೂ ಬಂದವು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟು ಆಯಿತು. ಕಾಯಿ ಹಿಡಿಸಲು ಚೌಕಟ್ಟನ್ನು ಎತ್ತರಿಸಿದಷ್ಟೂ ಅದು ಓಲಾಡುತ್ತಿತ್ತು. ನಮ್ಮ ಮನೆಯಲ್ಲಿ ಅಲುಗಾಡದ್ದು ಅಂತ ಇರುವುದು ಕೊಬ್ಬರಿ ಅಟ್ಟ ಹೊತ್ತ ಕಂಬ. ಅದಕ್ಕೇ ಬೋಲ್ಟ್ ಹಾಕಿ ಬಿಗಿದೆ. ಕಾಯಿ ಉರುಳದಂತೆ ದೊಡ್ಡಮ್ಮ ತಮ್ಮ ಹಳೇ ಸೀರೆಯ ಸಿಂಬೆ ಸುತ್ತಿ ಕೊಟ್ಟರು.

ಬಲ್ಲವರು ಮೊದಲ ಸಲ ಕೊರೆಯುವುದಿಲ್ಲ. ಕೊರೆಯುವ ಬಿಟ್ಟನ್ನು ಮೇಲಕ್ಕೆತ್ತಿ ಇಡೀ ಚಿತ್ರವನ್ನು ಗಾಳಿಯಲ್ಲಿ ಓಡಿಸಿ ನೋಡುತ್ತಾರೆ. ನಾನೂ ಬಲ್ಲವನೇ. ಅಕ್ಕಪಕ್ಕದವರೆಲ್ಲ ಬಂದು ನಿಂತಿದ್ದರು. ಸಿಂಬೆಯ ಮೇಲೆ ಜುಟ್ಟು ಬಿಟ್ಟ ಕಾಯಿ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಬಿಟ್ಟು ಗುಂಯ್ಗುಟ್ಟುತ್ತಾ ಎಡಕ್ಕೆ ಹೋಯಿತು, ಬಲಕ್ಕೆ ಬಂದು ಸುತ್ತು ಹಾಕಿತು, ನಿಂತು ಮತ್ತೆ ಸುತ್ತಿತು. ಅದು ಗಣಪತಿಯ ಹೊಟ್ಟೆ ಎಂದು ನಾನು ವಿವರಿಸಿದೆ. ಯಾರಿಗೂ ಹೊಟ್ಟೆ ಕಾಣಲಿಲ್ಲ. "ಇದೇನ್ರೀ, ಕಾಯಿಗೆ ನಿವಾಳಿಸ್ತಾ ಐತೆ!" ಎಂದಳು ಪಕ್ಕದ ಮನೆಯಾಕೆ. ಜನ್ಮವಿಡೀ ಮಗುವಿಗೆ, ಮದುಮಕ್ಕಳಿಗೆ, ಹೊಸ ಟ್ರ್ಯಾಕ್ಟರಿಗೆ ನಿವಾಳಿಸಿಕೊಂಡು ಒಡೆಸಿಕೊಂಡ ಜಾತಿ ಅದು. ಅದಕ್ಕೆ ಯಾರಾದರೂ ದೃಷ್ಟಿ ತೆಗೆದದ್ದು ಇದೇ ಮೊದಲಿರಬೇಕು. ಒಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದರು. ದೊಡ್ಡಮ್ಮ ಯಾವುದಕ್ಕೂ ಇರಲಿ ಅಂತ ಕರ್ಪೂರ ತಂದರು. ಯಂತ್ರ ಯಾರನ್ನೂ ಲೆಕ್ಕಿಸದೆ ಕಿವಿಗೆ ಹೋಯಿತು. ಎರಡು ಕಿವಿ ಮುಗಿಸಿ ಸೊಂಡಿಲಿಗೆ ಇಳಿಯಿತು.

ಸ್ಟೆಪ್ಪರ್ ಮೋಟಾರುಗಳಿಗೆ ಯಾವುದೋ ಒಂದು ವೇಗದಲ್ಲಿ ಮೈಯೆಲ್ಲ ನಡುಗುವ ಚಾಳಿ ಇದೆ. ಸೊಂಡಿಲಿನ ತಿರುವಿನಲ್ಲಿ ಆ ವೇಗ ಸಿಕ್ಕಿತು. ನಡುಕ ಚೌಕಟ್ಟಿನಿಂದ ಕಂಬಕ್ಕೆ, ಕಂಬದಿಂದ ಅಟ್ಟಕ್ಕೆ ಏರಿ, ವರ್ಷವಿಡೀ ಒಣಗಲು ಬಿದ್ದಿದ್ದ ಕಾಯಿಗಳೊಳಗಿನ ಗಿಟುಕುಗಳೆಲ್ಲ ಒಟ್ಟಿಗೆ ಲೊಟಲೊಟ ಎಂದವು.

ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ ಎದ್ದರು. ಕಾಯನ್ನು ಕಿವಿಯ ಹತ್ತಿರ ಕುಲುಕಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ ಮನುಷ್ಯ. ಈಚೆಗೆ ಕಿವಿ ಕೇಳುವುದಿಲ್ಲ. ಕುಲುಕುತ್ತಾರೆ, ಸುಮ್ಮನೆ ಕೆಳಗಿಡುತ್ತಾರೆ. ಆಮೇಲೆ ನಾವು ಅವರನ್ನು ಕೇಳುವುದೂ ಬಿಟ್ಟೆವು. ಈಗ ಬಂದು ಕಂಬಕ್ಕೆ ಅಂಗೈ ಊರಿ ನಿಂತರು.

"ಆಗೈತೆ ಕಣ್ಲಾ. ನಾಳೆ ಸುಲಿಯೋರಿಗೆ ಹೇಳು."

"ದೊಡ್ಡಪ್ಪಾ, ಗಣಪತಿ!" ಎಂದು ಕೂಗಿ ತೋರಿಸಿದೆ.

"ಅದಿರ್ಲಿ. ಹಿಂದ್ಲ ಅಟ್ಟದ ಕೆಳಗೂ ಒಂಚೂರು ಓಡ್ಸು, ನೋಡಾಣ."