ಮಣಿ ಕಳೆದೀತು, ಜೋಕೆ!

ನಮ್ಮ ಸರ್ಕಾರಿ ಶಾಲೆಗಳಲ್ಲಿ ಗಣಿತದಷ್ಟು ಭದ್ರವಾಗಿರುವ ವಿಷಯ ಇನ್ನೊಂದಿಲ್ಲ. ಅದು ಬೀರುವಿನಲ್ಲಿದೆ. ಬೀರುವಿಗೆ ಬೀಗವಿದೆ. ಬೀಗದ ಕೈ ಹೆಡ್‌ಮಾಸ್ತರ ಜೇಬಿನಲ್ಲಿದೆ. ಹೆಡ್‌ಮಾಸ್ತರು ಬಿಇಒ ಕಚೇರಿಯ ಮೀಟಿಂಗಿನಲ್ಲಿದ್ದಾರೆ. ಮೀಟಿಂಗಿನ ವಿಷಯ: ಮಕ್ಕಳಿಗೆ ಗಣಿತವನ್ನು ಸಂತಸದಾಯಕವಾಗಿ ಕಲಿಸುವುದು ಹೇಗೆ?

ಬೀರುವಿನೊಳಗಿರುವ ಪೆಟ್ಟಿಗೆಗೆ ಗಣಿತ ಕಿಟ್ ಎಂದು ಹೆಸರು. ಅದರಲ್ಲಿ ಏನೇನಿದೆ ಎಂದು ಕೇಳಿದರೆ ದೊಡ್ಡವರಿಗೂ ಆಟಕ್ಕೆ ಕೂರೋಣ ಅನ್ನಿಸುತ್ತದೆ: ಮಣಿಚೌಕಟ್ಟು, ಹತ್ತರ ಕೋಲು, ನೂರರ ಹಲಗೆ, ಬಣ್ಣಬಣ್ಣದ ಭಿನ್ನರಾಶಿ ಪಟ್ಟಿ, ದಾಳ, ಆಟದ ನೋಟು, ಮುಳ್ಳು ತಿರುಗಿಸುವ ಗಡಿಯಾರ, ಅಳತೆ ಟೇಪು, ರಬ್ಬರ್ ಬ್ಯಾಂಡ್ ಸಿಕ್ಕಿಸುವ ಜಿಯೋಬೋರ್ಡು. ಇದನ್ನೆಲ್ಲ ಯೋಚಿಸಿ ಜೋಡಿಸಿದವರು ಬುದ್ಧಿವಂತರು, ಅದರಲ್ಲಿ ಅನುಮಾನವಿಲ್ಲ. ಆದರೆ ಪೆಟ್ಟಿಗೆ ಶಾಲೆಗೆ ಬಂದಿಳಿದ ದಿನವೇ ಸರ್ಕಾರಿ ಸ್ವತ್ತಾಗಿಬಿಟ್ಟಿತು. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಕುರ್ಚಿ, ಮೇಜು, ಗಂಟೆಗಳ ಕೆಳಗೆ ಅದಕ್ಕೂ ಒಂದು ಸಾಲು ಸಿಕ್ಕಿತು: ಮಣಿ 100, ದಾಳ 6, ಟೇಪು 2. ಇನ್ನು ಒಂದು ಮಣಿ ಕಡಿಮೆಯಾದರೂ ಜವಾಬು ಹೇಳಬೇಕಾದವರು ಮೇಷ್ಟ್ರು.

ಐದನೇ ತರಗತಿ ಮುಗಿಸಿದ ಹುಡುಗನಿಗೆ 52ರಲ್ಲಿ 27 ಕಳೆಯಲು ಬಾರದಿದ್ದರೆ ಯಾರಿಗೂ ನೋಟಿಸ್ ಬರುವುದಿಲ್ಲ. ಮಣಿ ಕಳೆದರೆ ಬರುತ್ತದೆ. ಮೇಷ್ಟ್ರೇನು ದಡ್ಡರೇ? ಯಾವುದನ್ನು ಕಾಪಾಡಬೇಕು ಎಂದು ಲೆಕ್ಕ ಹಾಕಿಯೇ ಬೀಗ ಜಡಿದಿದ್ದಾರೆ. ಆ ಮಣಿಗಳನ್ನು ಯಾರಾದರೂ ಎಣಿಸುವುದು ವರ್ಗವಾದ ಹೆಡ್‌ಮಾಸ್ತರು ಹೊಸಬರಿಗೆ ಚಾರ್ಜು ಕೊಡುವ ದಿನ ಮಾತ್ರ. ಅವತ್ತು ಇಬ್ಬರು ಹಿರಿಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹತ್ತು ಹತ್ತರ ಗುಂಪು ಮಾಡಿ, ಬೆರಳಿಟ್ಟು ಎಣಿಸುತ್ತಾರೆ. ಕಿಟ್ ಮಾಡಿದವರು ಕಂಡ ಕನಸು ಹೀಗೆ ನನಸಾಗುತ್ತಿರುವಾಗ ಮಕ್ಕಳು ಕಿಟಕಿಯಾಚೆ ನಿಂತು ನೋಡುತ್ತಿರುತ್ತಾರೆ.

ಹಾಗಂತ ಪೆಟ್ಟಿಗೆ ತೆರೆಯುವುದೇ ಇಲ್ಲ ಅನ್ನಬಾರದು. ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರುವ ದಿನ ತೆರೆಯುತ್ತದೆ.

"ಕಿಟ್ ಬಳಸ್ತಿದ್ದೀರಾ ಸಾರ್?"

"ದಿನಾ ಬಳಸ್ತೀವಿ ಸಾರ್."

"ಹಾಗಾದ್ರೆ ಎರಡು ಫೋಟೊ ಗ್ರೂಪಿಗೆ ಹಾಕ್ಬಿಡಿ. ಮಕ್ಕಳು ಸ್ವಲ್ಪ ನಗ್ತಾ ಇರ್ಲಿ. ಹೋದ ಸಲ ಯಾರೂ ನಕ್ಕಿಲ್ಲ ಅಂತ ಮೇಲಿಂದ ಕೇಳಿದ್ರು."

ನಗುಮುಖದ ಮಕ್ಕಳನ್ನು ಆರಿಸಿ ಮುಂದೆ ಕೂರಿಸುತ್ತಾರೆ. ಒಬ್ಬಳ ಕೈಗೆ ಅರ್ಧದ ಪಟ್ಟಿ, ಇನ್ನೊಬ್ಬನ ಕೈಗೆ ಮೂರನೇ ಒಂದರ ಪಟ್ಟಿ. ಕ್ಲಿಕ್! ಆಮೇಲೆ ನೀವು ಸುಮ್ಮನಿರಲಾರದೆ "ಎರಡರಲ್ಲಿ ಯಾವುದು ದೊಡ್ಡದು?" ಎಂದು ಕೇಳಿ ನೋಡಿ. "ಮೂರನೇ ಒಂದು ದೊಡ್ಡದು ಸಾರ್, ಎರಡಕ್ಕಿಂತ ಮೂರು ಜಾಸ್ತಿ" ಎನ್ನುತ್ತಾನೆ ಹುಡುಗ. ಪಟ್ಟಿ ಇನ್ನೂ ಕೈಯಲ್ಲೇ ಇದೆ. ಅದನ್ನು ಮೊಬೈಲಿನ ಕಡೆಗೆ ಹಿಡಿ ಎಂದಿದ್ದರು. ಅವಳ ಪಟ್ಟಿಯ ಪಕ್ಕ ಇಟ್ಟು ನೋಡು ಎಂದು ಯಾರೂ ಅಂದಿರಲಿಲ್ಲ.

52ರಲ್ಲಿ 27 ಅಂದೆನಲ್ಲ, ಅಲ್ಲಿ ಸ್ವಲ್ಪ ಕೂರೋಣ. ಈ ಲೆಕ್ಕಕ್ಕೆ 35 ಎಂದು ಬರೆಯುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು ಬರೆದಿದ್ದಾರೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಮೊದಲು ಹೇಳಿಕೊಟ್ಟವರು ನಾವೇ, ಮಗು ನಂಬಿತು. ಈಗ "ಪಕ್ಕದ ಮನೆಯಿಂದ ಒಂದು ಸಾಲ ತಗೋ" ಎನ್ನುತ್ತೇವೆ. ತಂದದ್ದು ಒಂದು, ಮನೆಗೆ ಬರುವಷ್ಟರಲ್ಲಿ ಹತ್ತು! ಮೀಟರ್ ಬಡ್ಡಿಯವರೂ ನಾಚಬೇಕು. ಆ ಸಾಲವನ್ನು ಯಾರೂ ತೀರಿಸುವುದೂ ಇಲ್ಲ. ಇದು ಹೇಗೆ ಎಂದು ಕೇಳಿದ ಮಗುವಿಗೆ ಸಿಗುವ ವಿವರಣೆ: "ಹೇಳಿದಷ್ಟು ಮಾಡು."

ವಿವರಣೆ ಇರುವುದು ಪೊರಕೆಕಡ್ಡಿಯಲ್ಲಿ. ಹತ್ತತ್ತು ಕಡ್ಡಿಯ ಐದು ಕಟ್ಟು, ಜೊತೆಗೆ ಎರಡು ಬಿಡಿ ಕಡ್ಡಿ. ಅದರಲ್ಲಿ ಇಪ್ಪತ್ತೇಳು ಕೊಡು ಎನ್ನಿ. ಎರಡು ಕಟ್ಟು ಸಲೀಸಾಗಿ ಕೊಡುತ್ತದೆ. ಏಳು ಬಿಡಿ ಬೇಕು ಎಂದಾಗ ಮಗು ಒಂದು ಗಳಿಗೆ ನಿಮ್ಮ ಮುಖ ನೋಡುತ್ತದೆ, ಆಮೇಲೆ ಒಂದು ಕಟ್ಟಿನ ದಾರ ಬಿಚ್ಚುತ್ತದೆ. ಹನ್ನೆರಡು ಬಿಡಿ ಆದವು, ಏಳು ಹೋದವು. ಉಳಿದದ್ದು ಎರಡು ಕಟ್ಟು, ಐದು ಕಡ್ಡಿ. ಸಾಲವಿಲ್ಲ, ಬಡ್ಡಿಯಿಲ್ಲ, ಇದ್ದದ್ದನ್ನೇ ಬಿಡಿಸಿಕೊಂಡಿತು. ಅದೇ ಹೊತ್ತಿಗೆ ಸ್ಲೇಟಿನ ಮೇಲೆ 5 ಹೊಡೆದು 4, 2 ಹೊಡೆದು 12 ಎಂದು ಬರೆಸಬೇಕು. ಬರೆಸದಿದ್ದರೆ ಕಡ್ಡಿಯ ಲೆಕ್ಕ ಕಡ್ಡಿಗೆ, ಪುಸ್ತಕದ ಲೆಕ್ಕ ಪುಸ್ತಕಕ್ಕೆ. ಕಡ್ಡಿಯಾಗಲಿ, ಕಿಟ್ಟಿನ ಮಣಿಯಾಗಲಿ ತಾನಾಗಿ ಏನನ್ನೂ ಕಲಿಸುವುದಿಲ್ಲ, ಪಕ್ಕದಲ್ಲಿ ಕೂತು "ಈಗ ಏನ್ಮಾಡ್ದೆ? ಯಾಕೆ?" ಎಂದು ಕೇಳುವವರು ಬೇಕು. ಅವರು ಮೊಟ್ಟೆ ಹಂಚಿದ ಲೆಕ್ಕ ಬರೆಯುತ್ತಿದ್ದಾರೆ, ಇಲ್ಲವೇ ಜನಗಣತಿ, ಜಾತಿಗಣತಿ, ಚುನಾವಣೆ ಎಂದು ಊರು ಸುತ್ತುತ್ತಿದ್ದಾರೆ. ಎಣಿಸುವ ಕೆಲಸಕ್ಕೇ ಹಾಕಿರುವುದರಿಂದ ಗಣಿತ ನಡೆಯುತ್ತಿಲ್ಲ ಎಂದು ಇಲಾಖೆಯನ್ನು ದೂರುವಂತಿಲ್ಲ.

ಕಡ್ಡಿಗೂ ಪುಸ್ತಕಕ್ಕೂ ನಡುವಿನ ಈ ಕಂದಕದ ಬಗ್ಗೆ ನೊಬೆಲ್ ಪಡೆದವರೇ ತಲೆ ಕೆಡಿಸಿಕೊಂಡಿದ್ದಾರೆ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ಕೂರುವ ಮಕ್ಕಳು ಮುಕ್ಕಾಲು ಕೆಜಿ ಅದು, ಅರ್ಧ ಕೆಜಿ ಇದು ಎಂದು ಬಾಯಲ್ಲೇ ಲೆಕ್ಕ ಹಾಕಿ ಚಿಲ್ಲರೆ ಕೊಡುತ್ತಾರೆ. ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟರೆ ತಡವರಿಸುತ್ತಾರೆ. ಶಾಲೆಯ ಮಕ್ಕಳದ್ದು ತಿರುಗಾಮುರುಗಾ: ಪುಸ್ತಕದ ಲೆಕ್ಕ ಬರುತ್ತದೆ, ತಕ್ಕಡಿ ಮುಂದೆ ಪೇಚಾಡುತ್ತಾರೆ. ನಮ್ಮ ಸಂತೆಯ ಸೊಪ್ಪಿನಜ್ಜಿಗೆ ಇದು ಎಂದೋ ಗೊತ್ತಿತ್ತು. ಮೊಮ್ಮಗ ಎಂಟನೇ ಕ್ಲಾಸು, ಆದರೂ ಚಿಲ್ಲರೆ ಎಣಿಸಿಕೊಡುವವಳು ಅವಳೇ.

ನೀತಿಯವರು ಮಾತ್ರ ಲೆಕ್ಕದಲ್ಲಿ ಪಕ್ಕಾ. 2025ರೊಳಗೆ ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕ ಬರಬೇಕು ಎಂದಿತು 2020ರ ರಾಷ್ಟ್ರೀಯ ಶಿಕ್ಷಣ ನೀತಿ. 2021ರ ಜುಲೈನಲ್ಲಿ ಅದಕ್ಕೆಂದೇ ನಿಪುಣ್ ಭಾರತ್ ಎಂಬ ಆಂದೋಲನ ಶುರುವಾದಾಗ ಗಡುವು 2026-27 ಆಯಿತು. ಕಳೆಯುವುದು ಕಷ್ಟವಿರಬಹುದು, ಗಡುವಿಗೆ ಕೂಡಿಸುವುದು ನಮಗೆ ಚೆನ್ನಾಗಿ ಬರುತ್ತದೆ. 2023ರ ಫೆಬ್ರವರಿಯಲ್ಲಿ ಕೇಂದ್ರದವರು ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 'ಜಾದೂಯಿ ಪಿಟಾರಾ' ಎಂಬ ಇನ್ನೊಂದು ಪೆಟ್ಟಿಗೆ ತಂದರು. ಅದೇ ವರ್ಷ ಕರ್ನಾಟಕ ಆ ನೀತಿಯೇ ಬೇಡವೆಂದು ತನ್ನದೇ ಶಿಕ್ಷಣ ನೀತಿ ಆಯೋಗ ಮಾಡಿತು. ಬೀರು ಅಲುಗಾಡಲಿಲ್ಲ.

ಖಾಸಗಿ ಶಾಲೆಗಳ ಕಥೆ ಬೇರೆ. ಅಲ್ಲಿ ಮ್ಯಾಥ್ಸ್ ಲ್ಯಾಬ್ ಇದೆ, ಅದಕ್ಕೆ ಪ್ರತ್ಯೇಕ ಫೀಸಿದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಒಳಗೆ ಏನನ್ನೂ ಮುಟ್ಟಬಾರದು. ಮನೆಗೆ ಬಂದರೆ ಆ್ಯಪ್. ಸರಿಯುತ್ತರ ಒತ್ತಿದರೆ ಹಕ್ಕಿ ಕುಣಿಯುತ್ತದೆ, ಚಿನ್ನದ ನಾಣ್ಯ ಉದುರುತ್ತದೆ. ನಾಲ್ಕು ಉತ್ತರಗಳನ್ನೂ ಒಂದಾದ ಮೇಲೊಂದು ಒತ್ತಿದರೂ ಹಕ್ಕಿ ಕುಣಿಯುತ್ತದೆ ಎಂಬುದನ್ನು ಮಗು ಬೇಗ ಕಂಡುಹಿಡಿಯುತ್ತದೆ. ಅಪ್ಪ ಅಮ್ಮ "ನಮ್ಮ ಪುಟ್ಟಂಗೆ ಮ್ಯಾಥ್ಸ್ ಅಂದ್ರೆ ಪ್ರಾಣ" ಎಂದು ನೆಂಟರಿಗೆ ಹೇಳುತ್ತಾರೆ.

ಲೆಕ್ಕಕ್ಕೆ ರುಚಿ ಹಚ್ಚುವುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಯೂ ಇರಲಿಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲೊಂದು ಲೆಕ್ಕ: ಗಂಡ ಹೆಂಡಿರ ಪ್ರಣಯಕಲಹದಲ್ಲಿ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ದಾಸಿಯ ಕೈಗೆ ಸಿಕ್ಕಿತು, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಅಲ್ಲಲ್ಲಿ ಚೆಲ್ಲಿಹೋಯಿತು. ಕೊನೆಗೆ ಉಳಿದವು 1,161. ಹಾರದಲ್ಲಿದ್ದ ಮುತ್ತೆಷ್ಟು? 1,48,608. (ಅಷ್ಟು ಭಾರ ಹೊತ್ತ ಕುತ್ತಿಗೆ ಜಗಳಕ್ಕೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.) 12ನೇ ಶತಮಾನಕ್ಕೆ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಆ ಮುತ್ತಿನ ಲೆಕ್ಕ ಇವತ್ತು ಪಠ್ಯಪುಸ್ತಕ ಸಮಿತಿಗೆ ಬಂದಿದ್ದರೆ ಹಾಸಿಗೆ ಹೋಗುತ್ತಿತ್ತು, ದಾಸಿ ಹೋಗುತ್ತಿದ್ದಳು, ಜಗಳ ಮೌಲ್ಯಶಿಕ್ಷಣಕ್ಕೆ ವಿರುದ್ಧವೆಂದು ಹೋಗುತ್ತಿತ್ತು. 'ಎಕ್ಸ್‌ನ ಬೆಲೆ ಕಂಡುಹಿಡಿಯಿರಿ' ಎಂಬುದಷ್ಟೇ ಉಳಿಯುತ್ತಿತ್ತು.

ಇಷ್ಟೆಲ್ಲ ಸಂತಸದ ನಂತರ ಮಗು ಎಸ್ಸೆಸ್ಸೆಲ್ಸಿಗೆ ಬರುತ್ತದೆ. ಅಲ್ಲಿ ಅದಕ್ಕೆ ಕಾದಿರುವುದು ಪಾಸಿಂಗ್ ಪ್ಯಾಕೇಜ್. ಥೇಲ್ಸ್‌ನ ಪ್ರಮೇಯವನ್ನು ಚಿತ್ರ, ದತ್ತ, ಸಾಧನೀಯ ಸಮೇತ ಉರು ಹೊಡೆಯಬೇಕು. ಹೊಡೆಯುತ್ತಾರೆ ಕೂಡ. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟುಬಿಟ್ಟರೆ ಮಾತ್ರ ಪ್ರಶ್ನೆ ಸಿಲೆಬಸ್ಸಿನ ಹೊರಗಿನದ್ದಾಗುತ್ತದೆ.

ನನಗೆ ಗೊತ್ತಿರುವ ಮೇಡಂ ಒಬ್ಬರು ಹುಂಬತನ ಮಾಡಿ ಕಿಟ್ಟನ್ನು ಮಕ್ಕಳ ಕೈಗೇ ಕೊಟ್ಟರು. ಮಕ್ಕಳು ಆಡಿದರು, ಜಗಳವಾಡಿದರು, ಕಳೆಯುವುದನ್ನು ಕಲಿತರು. ವರ್ಷದ ಕೊನೆಗೆ ದಾಳ ಎರಡು ಕಡಿಮೆ ಬಂದವು, ಟೇಪು ಹರಿದಿತ್ತು. ಕಲಿತ ಮಕ್ಕಳ ಬಗ್ಗೆ ಯಾವ ಕಡತದಲ್ಲೂ ಒಂದು ಸಾಲಿಲ್ಲ. ದಾಳದ ಬಗ್ಗೆ ವಿವರಣೆ ಕೇಳಿದ ಕಾಗದವಿದೆ. ಈಗ ಆಕೆ ಹುಣಸೆಬೀಜ, ಪೊರಕೆಕಡ್ಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ, ನಾಲ್ಕು ಕವಡೆ ಇಟ್ಟುಕೊಂಡು ಕಲಿಸುತ್ತಾರೆ. ಹುಣಸೆಬೀಜಕ್ಕೆ ಆಡಿಟ್ ಇಲ್ಲ.

ಶಿಕ್ಷಣ ಇಲಾಖೆಯ ದೊಡ್ಡವರಲ್ಲಿ ಒಂದೇ ಅರಿಕೆ. ಹೊಸ ಕಿಟ್ ಬೇಡ, ಹೊಸ ಆಂದೋಲನ ಬೇಡ, ಹೊಸ ಹೆಸರಂತೂ ಬೇಡವೇ ಬೇಡ. ಒಂದು ಸಾಲಿನ ಸುತ್ತೋಲೆ ಸಾಕು: ಗಣಿತ ಕಿಟ್ಟನ್ನು ಡೆಡ್ ಸ್ಟಾಕಿನಿಂದ ತೆಗೆದು ಸೀಮೆಸುಣ್ಣದಂತೆ ಖರ್ಚಾಗುವ ಸಾಮಾನಿನ ಪಟ್ಟಿಗೆ ಸೇರಿಸಿ. ಮುರಿಯಲಿ, ಸವೆಯಲಿ, ನಾಲ್ಕು ಮಣಿ ಮಕ್ಕಳ ಚಡ್ಡಿ ಜೇಬಿನಲ್ಲಿ ಮನೆಗೂ ಹೋಗಲಿ. ಆಮೇಲೆ ಆಡಿಟಿಗೆ ಬಂದಾಗ, ಮಣಿ ನೂರಕ್ಕೆ ನೂರೂ ಇರುವ ಶಾಲೆಗೆ ಮೊದಲು ನೋಟಿಸ್ ಕೊಡಿ.