ಹೆಸರು ಮೊದಲು, ಅಳತೆ ಆಮೇಲೆ

‘ಹಾಲ್ ಆಫ್ ಫೇಮ್’ ಎಂಬುದು ಆಟ ಬಿಟ್ಟ ದೊಡ್ಡ ಆಟಗಾರರ ಹೆಸರನ್ನು ಕಾಯಂ ಮಾಡುವ ಗೌರವಪಟ್ಟಿ. ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ ಇಂಥದೊಂದನ್ನು 2002ರಲ್ಲಿ ಶುರುಮಾಡಿತು. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಆಟಕ್ಕೂ ಫುಟ್‌ಬಾಲ್ ಎಂದೇ ಹೆಸರಿಟ್ಟ ಅಮೆರಿಕದವರಿಗೆ ಓಹಿಯೋದ ಕ್ಯಾಂಟನ್‌ನಲ್ಲಿ 1963ರಿಂದ ಇದಕ್ಕೊಂದು ಕಟ್ಟಡವೇ ಇದೆ. ಅಲ್ಲಿ ಒಳಸೇರಲು ಆಟಗಾರ ನಿವೃತ್ತನಾಗಿ 5 ವರ್ಷ ಕಳೆದಿರಬೇಕು. ಆಯ್ಕೆಗಾರರಲ್ಲಿ ನೂರಕ್ಕೆ 80 ಮಂದಿ ಕೈ ಎತ್ತಬೇಕು. ಐದು ವರ್ಷದಲ್ಲಿ ಅಭಿಮಾನಿಗಳ ತಲೆ ತಣ್ಣಗಾಗುತ್ತದೆ ಎಂಬುದು ಈ ನಿಯಮದ ಹಿಂದಿನ ಮುಗ್ಧ ನಂಬಿಕೆ.

ಕ್ರಿಕೆಟ್ಟಿನಲ್ಲಿ ಕನ್ನಡಿಗರಿಗೆ ಈ ಗೌರವ ಜಗಳವಿಲ್ಲದೆ ಬಂದಿದೆ. ಐಸಿಸಿ ಪಟ್ಟಿಗೆ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಸೇರಿದರು. ಟೆಸ್ಟ್ ಪಂದ್ಯಗಳ 619 ವಿಕೆಟ್, 13,288 ರನ್ನುಗಳ ಎದುರು ತಕರಾರು ಹುಟ್ಟುವುದು ಕಷ್ಟ. ಬೆಳಗಾವಿ ಜಿಲ್ಲೆಯ ಕಟಕೋಳ, ರಾಮದುರ್ಗ, ಬೈಲಹೊಂಗಲದ ಸೀಮೆಗೆ ಪರಿಚಿತವಾದ ಜಂಗಿ ನಿಕಾಲಿ ಕುಸ್ತಿಯಲ್ಲಂತೂ ಲೆಕ್ಕವೇ ಬೇಡ: ಬೆನ್ನು ಮಣ್ಣಿಗೆ ಹತ್ತಿದರೆ ಸೋತ, ಹತ್ತದಿದ್ದರೆ ಇಲ್ಲ. ಫುಟ್‌ಬಾಲ್‌ಗೆ ಈ ಸುಖವಿಲ್ಲ. ತೊಂಬತ್ತು ನಿಮಿಷ ಇಪ್ಪತ್ತೆರಡು ಜನ ಓಡಿದರೂ ಕೊನೆಗೆ ಬರೆದಿಡಲು ಸಿಗುವುದು ಒಂದೋ ಎರಡೋ ಗೋಲು. ಪುರಾವೆ ಕಡಿಮೆಯಾದಷ್ಟೂ ಮಾತು ಹೆಚ್ಚುತ್ತದೆ.

ಫುಟ್‌ಬಾಲ್‌ನ ಇಂಥ ಪಟ್ಟಿಗೆ ಯಾರು ಸೇರಬೇಕೆಂದು ಮಾತು ಶುರುವಾದರೆ, ಕರ್ನಾಟಕದ ಮಟ್ಟಿಗೆ ಚರ್ಚೆಗೆ ಬರುವ ಮೊದಲ ಹೆಸರು ಹಳೆಯ ಮೈಸೂರು ತಂಡದ ಎಸ್. ರಾಮನ್ ಅವರದು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬಹುತೇಕ ಬರಿಗಾಲಲ್ಲಿ ಆಡಿದ ಭಾರತ 2–1ರಿಂದ ಸೋತಿತು. ಆ ಒಂದು ಗೋಲು ರಾಮನ್ ಅವರದು. ಒಂದೇ ಗೋಲಿಗೆ ಶಾಶ್ವತ ಕೀರ್ತಿಯೇ ಎಂಬುದು ವಿರೋಧಿಗಳ ಪ್ರಶ್ನೆ. ಅದೇ ಪಂದ್ಯದ ಭಾರತದ ಗೋಲ್‌ಕೀಪರ್ ಕೆ.ವಿ. ವರದರಾಜ್ ಪರವಾದ ವಾದ ಇನ್ನೂ ಸೂಕ್ಷ್ಮ. ಭಾರತ ಅಂದು ಎರಡು ಪೆನಾಲ್ಟಿ ಹಾಳುಮಾಡಿಕೊಂಡಿತು, ಅವೆರಡೂ ಗೋಲ್‌ಕೀಪರ್ ಒದ್ದವಲ್ಲ.

ಎರಡನೆಯವರು ಬೆಂಗಳೂರಿನ ಅಹ್ಮದ್ ಖಾನ್. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದವರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ 10 ಗೋಲು ಹೊಡೆದಾಗ ಭಾರತದ ಏಕೈಕ ಗೋಲು ಹೊಡೆದವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಐವರು ಮುಂಚೂಣಿ ಆಟಗಾರರನ್ನು ‘ಪಂಚಪಾಂಡವರು’ ಎನ್ನುತ್ತಿದ್ದರು, ಅವರಲ್ಲಿ ಅಹ್ಮದ್ ಖಾನ್ ಒಬ್ಬರು. ಇಲ್ಲಿ ಉಪಚರ್ಚೆಯೊಂದು ಹುಟ್ಟುತ್ತದೆ. ಪ್ರತಿಯೊಬ್ಬ ಅಭಿಮಾನಿಯೂ ತನ್ನವನನ್ನು ಅರ್ಜುನನೆನ್ನುತ್ತಾನೆ. ಸಹದೇವನ ಪಾತ್ರಕ್ಕೆ ಮಾತ್ರ ಯಾರನ್ನೂ ಯಾರೂ ಸೂಚಿಸುವುದಿಲ್ಲ.

ಮೂರನೆಯವರು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದ ಹಾಫ್‌ಬ್ಯಾಕ್ ಕೆಂಪಯ್ಯ. ನಾಲ್ಕನೇ ಸ್ಥಾನಕ್ಕೆ ಪದಕವಿಲ್ಲ, ಹಾಫ್‌ಬ್ಯಾಕ್‌ನ ದುಡಿಮೆಗೆ ಅಂಕಿಯಿಲ್ಲ. ಅವರ ಪರ ಮಾತಾಡಲು ನಿಜವಾಗಿ ಆಟ ಬಲ್ಲವರೇ ಬೇಕು. ಹೀಗಾಗಿ ಈ ಪಕ್ಷ ಯಾವಾಗಲೂ ಅಲ್ಪಸಂಖ್ಯಾತ.

ಕೊನೆಯವರು ಸುನಿಲ್ ಛೆಟ್ರಿ. ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಆದರೆ 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿಯ ಮೊದಲ ನಾಯಕ. ‘ಅಂವ ನಮ್ಮಾಂವ ಹೌದೋ ಅಲ್ಲೋ’ ಎಂಬ ಪ್ರಶ್ನೆ ಅವರು ಗೋಲು ಹೊಡೆದ ದಿನ ಏಳುವುದಿಲ್ಲ. ಅವರು 94 ಅಂತರರಾಷ್ಟ್ರೀಯ ಗೋಲುಗಳೊಂದಿಗೆ 2024ರ ಜೂನ್‌ನಲ್ಲಿ ನಿವೃತ್ತರಾಗಿ, 2025ರ ಮಾರ್ಚ್‌ನಲ್ಲಿ ಮರಳಿ ಬಂದು ಇನ್ನೊಂದು ಗೋಲು ಹೊಡೆದರು. ಐದು ವರ್ಷದ ನಿಯಮವನ್ನು ಎಲ್ಲಿಂದ ಎಣಿಸಬೇಕೆಂದು ಕ್ಯಾಂಟನ್‌ನವರೂ ತಲೆ ಕೆರೆದುಕೊಳ್ಳಬೇಕು.

ಇಂಥ ಚರ್ಚೆ ಕಟಕೋಳದಂಥ ಊರಿನ ಚಹಾದಂಗಡಿಯಲ್ಲಿ ನಡೆದರೂ, ಮ್ಯಾಂಚೆಸ್ಟರಿನಲ್ಲಿ ನಡೆದರೂ ಕ್ರಮ ಒಂದೇ. ಹುಡುಗಿಯನ್ನು ಒಪ್ಪಿದ ಮೇಲೆ ಜಾತಕ ಕೂಡಿಸುವಂತೆ, ಹೆಸರು ಮೊದಲು ನಿಶ್ಚಯವಾಗುತ್ತದೆ, ಅಳತೆ ಆಮೇಲೆ ಹುಟ್ಟುತ್ತದೆ. ಗೋಲು ಹೊಡೆದವನ ಕಡೆಯವರಿಗೆ ಗೋಲೇ ಪ್ರಮಾಣ. ಹೊಡೆಯದವನ ಕಡೆಯವರಿಗೆ ‘ಆಟ ನೋಡಬೇಕ್ರಿ, ಗೋಲ್ ಏನ ನೋಡ್ತೀರಿ’. ಪದಕವಿದ್ದರೆ ಪದಕ, ಇಲ್ಲದಿದ್ದರೆ ಬರಿಗಾಲು.

ವಯಸ್ಸಾದವರಿಗೆ ಇಲ್ಲೊಂದು ಅನುಕೂಲವಿದೆ. ಭಾರತಕ್ಕೆ ಟಿವಿ ಬಂದದ್ದು 1959ರಲ್ಲಿ, ಹಳ್ಳಿಗೆ ಬಂದದ್ದು ಅದೆಷ್ಟೋ ವರ್ಷದ ಮೇಲೆ. ಅಹ್ಮದ್ ಖಾನ್ ಮೂವರನ್ನು ದಾಟಿದ್ದನ್ನು ಅಲ್ಲಿ ಕಂಡವರಿಲ್ಲವಾಗಿ, ಕಾಕಾನ ಬಾಯಲ್ಲಿ ಮೂವರು ಐವರಾಗಲು ಅಡ್ಡಿಯಿಲ್ಲ. ಛೆಟ್ರಿಗೆ ಆ ಭಾಗ್ಯವಿಲ್ಲ. ಅವರು ಹೊರಗೆ ಹೊಡೆದ ಚೆಂಡೂ ಹುಡುಗರ ಮೊಬೈಲಿನಲ್ಲಿದೆ.

ಎಲ್ಲ ವಾದಗಳೂ ದಣಿದಾಗ ಬರುವ ರಾಜಿಸೂತ್ರವೆಂದರೆ ಇಡೀ ತಂಡವನ್ನೇ ಒಳಸೇರಿಸುವುದು. ಇದಕ್ಕೆ ಆಧಾರ ಗಟ್ಟಿಯಾಗಿದೆ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು 1946–47, 1952–53, 1967–68, 1968–69ರಲ್ಲಿ ಗೆದ್ದಿತು. 54 ವರ್ಷ ಕಾದು, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. ಐದೂ ತಂಡಗಳಿಗೆ ಸಾಮೂಹಿಕ ಪ್ರವೇಶ ಎಂಬ ಮಾತಿಗೆ ಎಲ್ಲರೂ ಒಮ್ಮತದಿಂದ ತಲೆಯಾಡಿಸುತ್ತಾರೆ. ಐದರಲ್ಲಿ ಯಾವ ತಂಡದ ಹೆಸರು ಮೊದಲು ಬರೆಯಬೇಕು ಎಂದು ಒಬ್ಬ ಕೇಳುವವರೆಗೆ ಆ ಒಮ್ಮತ ಉಳಿಯುತ್ತದೆ.