ಕಾಡಿನ ಸೀಟು

ಎದುರುಮನೆಯ ಹುಡುಗನಿಗೆ ಸಿಇಟಿಯಲ್ಲಿ ಸೀಟು ಸಿಕ್ಕ ದಿನ ಅವರ ಮನೆಯಲ್ಲಿ ಒಲೆ ಹತ್ತಲಿಲ್ಲ. ಏನೋ ಅನಾಹುತ ಆಗಿರಬೇಕು ಅಂತ ಗಾಬರಿಯಲ್ಲಿ ಹೋದೆ. ಅವರಪ್ಪ ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. "ಫಾರೆಸ್ಟ್ರಿ ಬಂದಿದೆ ಸಾರ್" ಅಂದರು. ಡೆಂಗಿ ಬಂದಿದೆ ಅಂದ ಹಾಗಿತ್ತು.

ತಪ್ಪು ಹುಡುಗನದೇ. ಅಪ್ಪ ವಾರವಿಡೀ ಕೂತು ಕಂಪ್ಯೂಟರ್ ಸೈನ್ಸ್, ಡೇಟಾ ಸೈನ್ಸ್, ಎಐ ಅಂತ ಆಪ್ಷನ್ ಹಾಕಿಸಿದ್ದರು. ಪಿಸಿಎಂಬಿ ಓದಿದ ಮಗ ಅವುಗಳ ನಡುವೆ ಶಿರಸಿಯ ಅರಣ್ಯ ಕಾಲೇಜನ್ನೂ ಪೊನ್ನಂಪೇಟೆಯದನ್ನೂ ಮೆಲ್ಲಗೆ ತುರುಕಿಬಿಟ್ಟಿದ್ದ. ಈಗ ಇರುವುದು ನಾಲ್ಕು ದಾರಿ. ಚಾಯ್ಸ್ ಒನ್ ಅಂದರೆ ಸೀಟು ಒಪ್ಪಿದೆ, ಸೇರುತ್ತೇನೆ. ಟೂ ಅಂದರೆ ಇದು ಕೈಲಿರಲಿ, ಮೇಲಿನದು ಸಿಕ್ಕರೆ ಬಿಡುತ್ತೇನೆ. ತ್ರೀ ಅಂದರೆ ಇದು ಬೇಡ, ಮುಂದಿನ ಸುತ್ತು ನೋಡೋಣ. ಫೋರ್ ಅಂದರೆ ನಿಮಗೂ ನಿಮ್ಮ ಸೀಟಿಗೂ ನಮಸ್ಕಾರ.

"ಮರ ಎಣಿಸೋಕೆ ನಾಲ್ಕು ವರ್ಷ ಓದಬೇಕಾ?" ಅಂತ ಹುಡುಗನ ಅತ್ತೆ ಫೋನಿನಲ್ಲೇ ಅತ್ತರಂತೆ. ಆಮೇಲೆ ಐಎಫ್‌ಎಸ್ ಆಗಬಹುದು ಅಂತ ಯಾರೋ ಹೇಳಿದಾಗ ಅದೇ ಅತ್ತೆ, "ಹಾಗಾದ್ರೆ ಪ್ಯಾರಿಸ್ಸಾ?" ಅಂತ ಕೇಳಿದರು. ಅದು ವಿದೇಶಾಂಗದ ಐಎಫ್‌ಎಸ್ ಅತ್ತೆ, ಇದು ಅರಣ್ಯದ್ದು. ಪ್ಯಾರಿಸ್ ಅಲ್ಲ, ಪೊನ್ನಂಪೇಟೆ.

ನಮ್ಮ ಬೆಂಗಳೂರಿನ ಹೊರಮಾವಿನಲ್ಲಿ ಕಾಡಿನ ಮೇಲೆ ಪ್ರೀತಿ ಇಲ್ಲ ಅಂದುಕೊಳ್ಳಬೇಡಿ. ಊರಿನ ಹೆಸರಲ್ಲೇ ಮಾವಿದೆ. ಏಪ್ರಿಲ್ ತಿಂಗಳಲ್ಲಿ ತಳ್ಳುಗಾಡಿಯ ಮೇಲೂ ಕಾಣುತ್ತದೆ. ಅಪಾರ್ಟ್‌ಮೆಂಟುಗಳ ಹೆಸರು ಓದುತ್ತ ಹೋದರೆ ವುಡ್ಸ್, ಗ್ರೋವ್, ಗ್ರೀನ್ಸ್, ಕೆನಪಿ ಅಂತ ಕಾಡು ಬೆಳೆಸುವ ಸಿಲ್ವಿಕಲ್ಚರ್ ಪಾಠದ ಅರ್ಧ ಮುಗಿಯುತ್ತದೆ. ತೀರಿಕೊಂಡ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಸಂಪ್ರದಾಯ ನಮ್ಮದು. ಕಡಿದ ತೋಪಿನ ಹೆಸರನ್ನು ಕಟ್ಟಡಕ್ಕಿಡುವುದು ಅದರದೇ ಮುಂದುವರಿಕೆ. ಇದೇ ಅಪ್ಪ ವರ್ಷಕ್ಕೆರಡು ಸಲ ಕಬಿನಿಗೆ ಸಫಾರಿ ಹೋಗುವವರು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ ಅಂತ ಬಾಯಿಪಾಠ ಹೇಳುತ್ತಾರೆ. ಆ ಹುಲಿಗಳು ತಮ್ಮಷ್ಟಕ್ಕೆ ತಾವೇ ಉಳಿದುಕೊಂಡಿವೆ ಅಂತ ಅವರ ನಂಬಿಕೆ. ಕಳ್ಳಬೇಟೆ ತಡೆ ಶಿಬಿರದಲ್ಲಿ ದೀಪದ ಬೆಳಕಿನಲ್ಲಿ ಅನ್ನ ಬೇಯಿಸಿಕೊಳ್ಳುವ ವಾಚರ್ ಕೂಡ ಯಾರದೋ ಮನೆಯ ಮಗ ಅನ್ನುವುದು ಜೀಪಿನ ಮೇಲಿಂದ ಕಾಣುವುದಿಲ್ಲ.

ಕಾಡಿನ ಕೆಲಸ ಬೇಡ ಅನ್ನುವುದಕ್ಕೆ ಅಪ್ಪನ ಹತ್ತಿರ ಕಾರಣಗಳಿದ್ದವು. ಅಲ್ಲಿ ರಸ್ತೆ ಇರಲ್ಲ. ಕರೆಂಟ್ ಇರಲ್ಲ. ಮಳೆ ಬಂದರೆ ಮನೆಯಿಂದ ಆಚೆ ಬರೋಕಾಗಲ್ಲ. ನಾನು ಸುಮ್ಮನಿದ್ದೆ. 2025ರ ಮೇ ಮಳೆಗೆ ನಮ್ಮ ಸಾಯಿ ಲೇಔಟಿನ ಜನರನ್ನು ದೋಣಿಯಲ್ಲಿ ಕೂರಿಸಿ ಆಚೆ ತಂದಾಗ ಇವರೇ ಬಾಲ್ಕನಿಯಲ್ಲಿ ನಿಂತು ವಿಡಿಯೋ ತೆಗೆದಿದ್ದರು.

ಐಎಫ್‌ಎಸ್ ಆಯ್ಕೆಗೆ ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್ ನಡೆದು ತೋರಿಸಬೇಕು ಅಂದಾಗ ಅವರಿಗೆ ತಲೆ ಸುತ್ತಿತು. "ಅಷ್ಟು ದೂರ ಯಾರು ನಡೀತಾರೆ ಸಾರ್?" ಮಳೆ ಬಂದ ಸಂಜೆ ಸಿಲ್ಕ್ ಬೋರ್ಡಿನಿಂದ ಹೊರಮಾವಿಗೆ ಕಾರಿನಲ್ಲಿ ಕೂತು ಬರುವವರು ಆ ಪರೀಕ್ಷೆಯಲ್ಲಿ ಫೇಲಾಗುತ್ತಾರೆ, ನಿಜ. ದೂರ ಕಡಿಮೆ, ಹೊತ್ತು ಜಾಸ್ತಿ. ಐಎಫ್‌ಎಸ್‌ನ ಮುಖ್ಯ ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು ಅಂದ ಮೇಲೆ ಮಾತ್ರ ಅವರ ಮುಖ ಸ್ವಲ್ಪ ಗೆಲುವಾಯಿತು. ಮತ್ತಿ, ನಂದಿ, ಹೊನ್ನೆ ಅಂತ ಮರದ ಹೆಸರು ಬಲ್ಲ ಸೋಲಿಗರ ಹುಡುಗನಿಗಿಂತ ನಮ್ಮ ಕಾನ್ವೆಂಟಿನವನೇ ಅಲ್ಲಿ ಮುಂದೆ.

"ಡೇಂಜರ್ ಕೂಡ ಇದೆಯಲ್ಲ ಸಾರ್, ವೀರಪ್ಪನ್ ಥರದವರು." ವೀರಪ್ಪನ್ನನ ಮೀಸೆ ಅವರಿಗೆ ಚೆನ್ನಾಗಿ ಗೊತ್ತು, ಅವನ ಮೇಲಿನ ಸಿನಿಮಾ, ಸರಣಿ ಎಲ್ಲ ನೋಡಿದ್ದಾರೆ. ಪಿ. ಶ್ರೀನಿವಾಸ್ ಯಾರು ಅಂತ ಕೇಳಿದೆ. ಸಿನಿಮಾ ಹಾಡುಗಾರರಲ್ವಾ ಅಂದರು. ಅವರಲ್ಲ. ಶರಣಾಗುತ್ತೇನೆ ಅಂದ ವೀರಪ್ಪನ್ನನ ಮಾತು ನಂಬಿ ಹೋಗಿ, 1991ರ ನವೆಂಬರ್ 10ರಂದು ಅವನ ಕೈಯಲ್ಲೇ ಕೊಲೆಯಾದ ಅರಣ್ಯಾಧಿಕಾರಿ. ಕಾಡುಗಳ್ಳನ ಊರಾದ ಗೋಪಿನಾಥಂನಲ್ಲೇ ಜನರಿಗೆ ಮನೆ, ಮಾರಮ್ಮನಿಗೆ ಗುಡಿ ಕಟ್ಟಿಸಿಕೊಟ್ಟವರು. ಕೀರ್ತಿ ಚಕ್ರ ಬಂದದ್ದು ಸತ್ತ ಮೇಲೆ. ಮೀಸೆ ಇರಲಿಲ್ಲವೋ ಏನೋ, ಹೆಸರು ನಿಲ್ಲಲಿಲ್ಲ.

ಅಪ್ಪನಿಗೆ ಧೈರ್ಯ ಬರಲಿ ಅಂತ ಇನ್ನೊಂದು ಕಥೆ ಹೇಳಿದೆ. ಅರಣ್ಯ ಇಲಾಖೆ ಸೇರಿದವರೆಲ್ಲ ಕಾಡಿನಲ್ಲೇ ಇರಬೇಕಿಲ್ಲ. 1980ರ ದಶಕದಲ್ಲಿ, ಮುಖ್ಯಮಂತ್ರಿ ಗುಂಡೂರಾಯರ ಕಾಲದಲ್ಲಿ ಶುರುಮಾಡಿ, ಎಸ್.ಜಿ. ನೇಗಿನಹಾಳ ಅನ್ನುವ ಅರಣ್ಯಾಧಿಕಾರಿ ಇದೇ ಬೆಂಗಳೂರಿನ ಬೀದಿಬೀದಿಯಲ್ಲಿ ಹದಿನೈದು ಲಕ್ಷದಷ್ಟು ಗಿಡ ನೆಡಿಸಿದರು. ಈಗ ನಾವು ಫೋಟೋ ತೆಗೆದು 'ನಮ್ಮ ಬೆಂಗಳೂರು' ಅಂತ ಸ್ಟೇಟಸ್ ಹಾಕುವ ಎಷ್ಟೋ ಹೂಮರಗಳು ಆ ಕಾಲದವು. ಅವರು 2021ರಲ್ಲಿ ತೀರಿಕೊಂಡರು. ಈಗಲೂ ನಗರಕ್ಕೆ ಅರಣ್ಯ ಇಲಾಖೆಯಿಂದ ಅಧಿಕಾರಿ ಬರುತ್ತಾರೆ. ಹೆಸರು ಟ್ರೀ ಆಫೀಸರ್. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಅನುಮತಿ ಕೊಡುವವರು ಅವರೇ. ಐವತ್ತಕ್ಕಿಂತ ಹೆಚ್ಚು ಮರವಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಹೀಗಾಗಿ ಬೆಂಗಳೂರಿನಲ್ಲಿ ಐವತ್ತು ಬಹಳ ಅದೃಷ್ಟದ ಸಂಖ್ಯೆ.

ಇಷ್ಟು ಹೊತ್ತೂ ಬಾಯಿ ಬಿಡದ ಹುಡುಗ ಎದ್ದು ಟೇಪು ಹಿಡಿದು ಆಚೆ ಹೋದ. ಗೇಟಿನ ಮುಂದೆ ಒಂದು ಹೊಂಗೆ ಇದೆ. ಬುಡದವರೆಗೂ ಸಿಮೆಂಟು ಮೆತ್ತಿದ್ದಾರೆ, ಉಸಿರಾಡಲು ಒಂದು ಅಂಗೈಯಷ್ಟು ಮಣ್ಣು. ಮೈಗೆ ಎರಡು ಮೊಳೆ ಹೊಡೆದು 'ಪಿಜಿ ಫಾರ್ ಜೆಂಟ್ಸ್' ಬೋರ್ಡು, ಅದರ ಮೇಲೆ ನಾಲ್ಕು ಸುತ್ತು ಕೇಬಲ್ಲು. ಹುಡುಗ ನೆಲದಿಂದ ಒಂದು ಮೀಟರ್ ಮೂವತ್ತೇಳು ಸೆಂಟಿಮೀಟರ್ ಅಳೆದು, ಎದೆಯೆತ್ತರದ ಸುತ್ತಳತೆ ಅಲ್ಲೇ ತೆಗೆಯಬೇಕಂತೆ, ಬೋರ್ಡನ್ನು ಸ್ವಲ್ಪ ಎತ್ತಿ ಟೇಪು ಸುತ್ತಿದ. ಕೇಬಲ್ಲಿನ ದಪ್ಪ ಕಳೆಯಬೇಕಾ ಅಂತ ನನ್ನನ್ನೇ ಕೇಳಿದ.

ನೋಡುತ್ತ ನೋಡುತ್ತ ಅಪ್ಪನ ಕಣ್ಣು ಹೊಳೆಯಿತು. ಆ ಮರದ ಹೂವು ಅವರ ಕಾರಿನ ಮೇಲೆ ಉದುರುತ್ತದೆ. 'ಅಪಾಯಕಾರಿ ಮರ' ಅಂತ ಅವರು ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೆದಿದೆ.

"ಸಾರ್, ಈ ಟ್ರೀ ಆಫೀಸರ್ ಆಗೋಕೆ ಎಷ್ಟು ವರ್ಷ ಹಿಡಿಯುತ್ತೆ?"

ಡಿಗ್ರಿ ನಾಲ್ಕು ವರ್ಷ, ಆಮೇಲೆ ಪರೀಕ್ಷೆ, ತರಬೇತಿ, ಒಂದೆರಡು ಪೋಸ್ಟಿಂಗು. ಹತ್ತು ವರ್ಷ ಅಂತ ಇಟ್ಟುಕೊಳ್ಳಿ ಅಂದೆ.

ಅವರು ಮರ ನೋಡಿದರು, ಗೇಟಿನ ಒಳಗಿನ ಸಂಪಿನ ಮುಚ್ಚಳ ನೋಡಿದರು. "ಅಷ್ಟರಲ್ಲಿ ಬೇರು ಸಂಪಿಗೇ ಬಂದಿರುತ್ತೆ ಬಿಡಿ" ಅಂತ ಒಳಗೆ ಹೋಗಿ ಚಾಯ್ಸ್ ಟೂ ಒತ್ತಿದರು.